ಸನ್ಮಾನ ಮುಗಿದ ಮೇಲೆ ರೇಸು

ಬೆಳಿಗ್ಗೆ 10ಕ್ಕೆ ಮಣ್ಣಿನ ಟ್ರ್ಯಾಕಿನ ಬೈಕ್ ರೇಸು ಶುರು ಅಂತ ಪೋಸ್ಟರ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರು. ನಮ್ಮ ಕಡೆ ಪೋಸ್ಟರ್‌ನ ಹತ್ತು ಗಂಟೆ ಅಂದರೆ ಹನ್ನೆರಡು ಅಂತ ಎಲ್ಲರಿಗೂ ಗೊತ್ತು. ಆದರೂ ಭಾವ ಒಂಬತ್ತಕ್ಕೇ ಗೇಟಿನ ಹತ್ತಿರ ನಿಂತು ಹಾರ್ನ್ ಹೊಡೆಯುತ್ತಿದ್ದರು. "ತಿರುವಿನ ಹತ್ರ ಜಾಗ ಹೋದ್ರೆ ಮುಗೀತು ಮಾರಾಯ. ಆಮೇಲೆ ಬರೀ ಜನರ ಬೆನ್ನು ನೋಡ್ಕೊಂಡು ನಿಲ್ಬೇಕು." ಶಿವಮೊಗ್ಗದಲ್ಲಿ ಅವರದೊಂದು ಸಣ್ಣ ಗ್ಯಾರೇಜಿದೆ. ಹಳೇ ಟೂ ಸ್ಟ್ರೋಕ್ ಗಾಡಿ ಯಾವುದಾದರೂ ಬಂದರೆ ಊಟ ಬಿಟ್ಟು ಅದರ ಮುಂದೆ ಕೂರುವ ಮನುಷ್ಯ. ಅಕ್ಕನ ಮಗನೂ ಹಟ ಮಾಡಿ ನಮ್ಮ ಜೊತೆ ಹೊರಟ.

ಸಾಗರ ರಸ್ತೆಯಲ್ಲಿ ಆಯನೂರು ದಾಟಿ, ಒಳದಾರಿ ಹಿಡಿದು ಸ್ವಲ್ಪ ಹೋದರೆ ಆ ಬಯಲು. ಕೊಯ್ಲಾದ ಗದ್ದೆ. ಒಂದು ಬದಿಗೆ ಜಂಬಿಟ್ಟಿಗೆ ಮಣ್ಣಿನ ದಿಬ್ಬ. ಜೆಸಿಬಿ ಬಿಟ್ಟು ದಿಬ್ಬ ಕೆತ್ತಿ, ಆ ಮಣ್ಣನ್ನೇ ಗದ್ದೆಗೆ ಹರಡಿ ಟ್ರ್ಯಾಕ್ ಮಾಡಿದ್ದರು. ತಿರುವುಗಳಲ್ಲಿ ಹಳೇ ಟೈರು, ಮರಳಿನ ಚೀಲ, ಹುಲ್ಲಿನ ಪಿಂಡಿ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ. ಹಾಗಾಗಿ ಜನ ಕಮ್ಮಿ ಇರಲಿಲ್ಲ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕಬ್ಬಿನ ಹಾಲು, ಕಲ್ಲಂಗಡಿ ಹಣ್ಣು ಎಲ್ಲವೂ ರೇಸಿಗಿಂತ ಮೊದಲೇ ಶುರುವಾಗಿದ್ದವು.

ನನಗೆ ಸ್ಪೀಡ್‌ವೇ ಹುಚ್ಚು. ರಾತ್ರಿ ಮೊಬೈಲ್‌ನಲ್ಲಿ ಪೋಲೆಂಡಿನ ರೇಸು ಹಾಕಿಕೊಂಡು ಕೂತರೆ ಮನೆಯವರಿಂದ ಬೈಸಿಕೊಂಡೇ ಮಲಗುವುದು. ಈ ಆಟ ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. 500 ಸಿಸಿ ಬೈಕು, ಒಂದೇ ಗೇರು, ಬ್ರೇಕೇ ಇಲ್ಲ. ಪೆಟ್ರೋಲಿನ ಬದಲು ಮೆಥನಾಲ್. ಮಣ್ಣಿನ ಸುತ್ತಿನಲ್ಲಿ ಬರೀ ಎಡಕ್ಕೆ ತಿರುಗುವುದು. ಒಂದು ಓಟಕ್ಕೆ ನಾಲ್ಕು ಜನ, ನಾಲ್ಕು ಸುತ್ತು. ಸುಮಾರು ಒಂದು ನಿಮಿಷದಲ್ಲಿ ಮುಗಿದೇ ಹೋಗುತ್ತದೆ. ಮೊದಲು ಬಂದವನಿಗೆ 3 ಅಂಕ, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಅಲ್ಲಿನ ಅಭಿಮಾನಿಗಳು ಕೈಯಲ್ಲಿ ಕಾರ್ಯಕ್ರಮದ ಪುಸ್ತಕ ಹಿಡಿದು, ಪ್ರತಿ ಓಟದ ಅಂಕವನ್ನು ತಾವೇ ಬರೆದುಕೊಳ್ಳುತ್ತಾರೆ. ಅದನ್ನು ನೋಡಿ ನೋಡಿ ನಾನೂ ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದು, ಕಾಲಂ ಮಾಡಿ ತಂದಿದ್ದೆ. ಭಾವ ಅದನ್ನು ನೋಡಿ, "ಇದೇನು, ಮುಯ್ಯಿ ಬರೆಯೋಕೆ ಬಂದಿದ್ದೀಯಾ?" ಅಂದರು.

ಬರೆಯಲು ಏನಾದರೂ ನಡೆಯಬೇಕಲ್ಲ. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಓಡಬೇಕಾದ ಹುಡುಗರು ಜಾಕೆಟ್ ಬಿಚ್ಚಿ ಗಾಡಿಯ ನೆರಳಲ್ಲಿ ಕೂತಿದ್ದರು. ಮುಖ್ಯ ಅತಿಥಿ ಬಂದಿಲ್ಲ. ಬಂದ ಮೇಲೆ ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ ನುಡಿ. ಆಮೇಲೆ ಸನ್ಮಾನ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ. ಜಾಗ ಕೊಟ್ಟವರಿಗೆ, ಜೆಸಿಬಿ ಕೊಟ್ಟವರಿಗೆ, ಶಾಮಿಯಾನ ಕೊಟ್ಟವರಿಗೆ, ಅವರ ಅಣ್ಣನಿಗೆ. ದುಡ್ಡು ಕೊಟ್ಟವರಿಗೆ ಮರ್ಯಾದೆ ಬೇಡ ಅಂತ ನಾನು ಹೇಳುವುದಿಲ್ಲ. ಅವರಿಲ್ಲದೆ ರೇಸೇ ಇಲ್ಲ. ಆದರೆ ಆ ಶಾಮಿಯಾನವನ್ನು ತಂದು ಸರಿಯಾಗಿ ಸ್ಟಾರ್ಟ್ ಲೈನಿನ ಎದುರಿಗೇ ಹಾಕಿದ್ದರು. ಟಿಕೆಟ್ ತೆಗೆದುಕೊಂಡು ಬಂದ ಅರ್ಧ ಜನಕ್ಕೆ ಸ್ಟಾರ್ಟ್ ಕಾಣುವುದಿಲ್ಲ. ಕಾಣುವ ಜಾಗದಲ್ಲಿ ಸೋಫಾ ಹಾಕಿಸಿಕೊಂಡು ಕೂತವರು ರೇಸಿನ ಕಡೆ ನೋಡುವುದಿಲ್ಲ.

ನಮ್ಮ ಪಕ್ಕ ಹಗ್ಗ ಹಿಡಿದು ನಿಂತಿದ್ದವರು ಶಿಕಾರಿಪುರ ಕಡೆಯ ಒಬ್ಬ ಯಜಮಾನರು. ಪಂಚೆ, ಹೆಗಲ ಮೇಲೆ ಟವಲ್. ದೀಪಾವಳಿ ಆದ ಮೇಲೆ ಆ ಭಾಗದಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತದಲ್ಲ, ಕೊಬ್ಬರಿ ಸರ, ಬಲೂನು ಕಟ್ಟಿ ಹೋರಿ ಬಿಡುವುದು, ಅದರಲ್ಲಿ ಹರೆಯದಲ್ಲಿ ಓಡಾಡಿದವರು. "ನಮ್ಮ ಹೋರಿ ಇಷ್ಟು ಭಾಷಣ ಕೇಳಿದ್ರೆ ಅಲ್ಲೇ ಮಲಗಿ ಮೆಲುಕು ಹಾಕ್ತಿತ್ತು ತಮ್ಮಾ" ಅಂದರು.

ಅಂತೂ ಹನ್ನೆರಡೂಕಾಲಿಗೆ ಬಾವುಟ ಬಿತ್ತು. ಮೊದಲನೆಯದು ಫೋರ್ ಸ್ಟ್ರೋಕ್ ಹೊಸಬರ ಓಟ. ಒಂದೇ ಸಲ ಹನ್ನೆರಡು ಗಾಡಿ. ಮೊದಲ ತಿರುವಿನವರೆಗೆ ಹನ್ನೆರಡೂ ಕಂಡವು. ಆಮೇಲೆ ಕಂಡದ್ದು ಕೆಂಪು ಧೂಳು ಮಾತ್ರ. ಮುಂದಿದ್ದವನೊಬ್ಬ ಧೂಳಿನಿಂದ ಹೊರಗೆ ಬರುತ್ತಾನೆ, ಉಳಿದವರದ್ದು ಬರೀ ಸದ್ದು. ಗಾಡಿಯ ನಂಬರನ್ನು ಕಾಗದದಲ್ಲಿ ಬರೆದು ಟೇಪ್ ಹಾಕಿ ಅಂಟಿಸಿದ್ದರು. ಎರಡನೇ ಸುತ್ತಿಗೆ ಅರ್ಧ ನಂಬರುಗಳು ಟ್ರ್ಯಾಕಿನಲ್ಲಿ ಹಾರಾಡುತ್ತಿದ್ದವು. ಸ್ಪೀಡ್‌ವೇಯಲ್ಲಿ ಕೆಂಪು, ನೀಲಿ, ಬಿಳಿ, ಹಳದಿ ಅಂತ ಹೆಲ್ಮೆಟ್ಟಿಗೇ ಬಣ್ಣ ಕೊಟ್ಟುಬಿಡುತ್ತಾರೆ. ಮೇಲಿನ ಸಾಲಿನಲ್ಲಿ ಕೂತವನಿಗೂ ಯಾರು ಯಾರು ಅಂತ ತಿಳಿಯುತ್ತದೆ. ನಾಲ್ಕು ಬಣ್ಣದ ಬಟ್ಟೆಗೆ ಎಷ್ಟು ಖರ್ಚು? ಒಂದು ಪೇಟದ ಬಟ್ಟೆಯಲ್ಲಿ ಇಡೀ ಓಟಕ್ಕೆ ಆಗುತ್ತಿತ್ತು.

"ಮಾಮ, ಈಗ ಎಷ್ಟನೇ ಸುತ್ತು?" ಅಂತ ಅಕ್ಕನ ಮಗ ಕೇಳುತ್ತಲೇ ಇದ್ದ. ನನಗೆ ಗೊತ್ತಿರಲಿಲ್ಲ, ಬಾವುಟ ಹಿಡಿದವನಿಗೂ ಗೊತ್ತಿರಲಿಲ್ಲ. ಒಬ್ಬ ಗೆದ್ದೆ ಅಂತ ಎರಡೂ ಕೈ ಎತ್ತಿದ. ಉಳಿದವರು ಅವನನ್ನು ದಾಟಿ ಇನ್ನೊಂದು ಸುತ್ತು ಹೊಡೆದರು. ಮೈಕಿನಲ್ಲಿ ಫಲಿತಾಂಶ ಹೇಳುತ್ತಾರೇನೋ ಅಂತ ಕಾದರೆ, ತಡವಾಗಿ ಬಂದ ಗಣ್ಯರೊಬ್ಬರಿಗೆ ಸ್ವಾಗತ ಕೋರುತ್ತಿದ್ದರು. ನನ್ನ ನೋಟ್‌ಬುಕ್ಕಿನ ಮೊದಲ ಕಾಲಂ ಖಾಲಿ ಉಳಿಯಿತು.

ಎರಡು ಓಟ ಹೀಗೇ ಆಯಿತು. ಮೂರನೆಯದಕ್ಕೆ ಮೊದಲು ನೀರಿನ ಟ್ಯಾಂಕರ್ ಬಂತು. ನೆತ್ತಿ ಸುಡುವ ಬಿಸಿಲಿನಲ್ಲಿ ಒಂದು ಸುತ್ತು ನೀರು ಚಿಮುಕಿಸಿ ಹೋಯಿತು. ಯಜಮಾನರು ಹಗ್ಗದಡಿ ಬಗ್ಗಿ, ಟ್ರ್ಯಾಕಿನ ಅಂಚಿನಿಂದ ಒಂದು ಹಿಡಿ ಮಣ್ಣು ಎತ್ತಿ ಬೆರಳಲ್ಲಿ ಉಜ್ಜಿದರು. "ನೋಡಿ, ಮೇಲೆ ಕೆಸರು, ಒಳಗೆ ಹಿಟ್ಟು. ನಿನ್ನೆ ಸಂಜೆ ನೀರು ಬಿಟ್ಟು, ಬೆಳಿಗ್ಗೆ ಕುಂಟೆ ಹೊಡ್ದಿದ್ರೆ ಹದವಾಗಿ ಕೂರ್ತಿತ್ತು. ಈಗ ಜಾರ್ತಾರೆ." ಮಾತು ಮುಗಿಯುವುದರೊಳಗೆ ಮೊದಲ ತಿರುವಿನಲ್ಲಿ ಮೂವರು ಜಾರಿದರು. ಹಿಂದಿನಿಂದ ಬಂದವನಿಗೆ ಅವರು ಕಾಣಲಿಲ್ಲ. ಅವನೂ ಬಿದ್ದ. ಪುಣ್ಯಕ್ಕೆ ಕೈಕಾಲು ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಅಷ್ಟು ಹೊತ್ತು ಸುಮ್ನೆ ಇದ್ದ ಹುಡುಗರು ಆಗ ಹೆಲ್ಮೆಟ್ ಕಳಚಿ ನೇರವಾಗಿ ವೇದಿಕೆಗೇ ನಡೆದರು. ಟ್ರ್ಯಾಕ್ ಸರಿ ಮಾಡದೆ ಗಾಡಿ ಎತ್ತುವುದಿಲ್ಲ ಅಂದರು. ಇಡೀ ದಿನದಲ್ಲಿ ಜನ ಮೊದಲ ಸಲ ಒಟ್ಟಾಗಿ ಚಪ್ಪಾಳೆ ಹೊಡೆದದ್ದು ಆಗಲೇ.

ನನ್ನ ಸಿಟ್ಟೂ ಅದೇ. ವೇದಿಕೆಗೆ ಹಾಕಿದ ಖರ್ಚಿನಲ್ಲಿ ಸ್ವಲ್ಪ ಮಣ್ಣಿಗೆ ಹಾಕಿ. ಸ್ಪೀಡ್‌ವೇಯಲ್ಲಿ ಕೆಲವು ಓಟಕ್ಕೊಮ್ಮೆ ಟ್ರ್ಯಾಕ್ಟರ್ ಬಂದು ಮಣ್ಣು ಎಳೆದು ಸಮ ಮಾಡುತ್ತದೆ, ನೀರು ಹಾಕುತ್ತದೆ. ಟ್ರ್ಯಾಕ್ ನೋಡಿಕೊಳ್ಳುವವನ ಹೆಸರು ಅಭಿಮಾನಿಗಳ ಬಾಯಲ್ಲಿರುತ್ತದೆ, ಹೊಗಳಿಕೆಗೂ ಬೈಗುಳಕ್ಕೂ. ನಮ್ಮಲ್ಲಿ ಮಣ್ಣಿನ ಹದ ಗೊತ್ತಿರುವವರಿಗೆ ಬರವೇ? ಅವರನ್ನು ಹಗ್ಗದಾಚೆ ನಿಲ್ಲಿಸಿ ಟಿಕೆಟ್ ಹರಿದದ್ದು.

ಒಂದೂವರೆ ಗಂಟೆ ರೇಸು ನಿಂತಿತು. ಅಕ್ಕಪಕ್ಕದ ಊರಿನ ಟ್ರ್ಯಾಕ್ಟರ್ ಬಂತು, ಹಿಂದೆ ಕುಂಟೆ, ಅದರ ಹಿಂದೆ ಹಲಗೆ. ಟ್ಯಾಂಕರ್‌ಗಳು ಒಂದರ ಹಿಂದೆ ಒಂದು ಬಂದವು. ನಾವು ಬಜ್ಜಿ ತಿಂದೆವು. ಭಾವ ನನ್ನನ್ನು ಗಾಡಿಗಳ ಹತ್ತಿರ ಎಳೆದುಕೊಂಡು ಹೋದರು. ನಿಜ ಹೇಳಬೇಕೆಂದರೆ ಟಿಕೆಟಿನ ದುಡ್ಡು ನನಗೆ ಅಲ್ಲೇ ವಸೂಲಾಯಿತು.

ಯಮಹಾ ಆರ್‌ಎಕ್ಸ್ 100ಗಳದ್ದೇ ಒಂದು ಸಾಲು. 1985ರಿಂದ 1996ರವರೆಗೆ ತಯಾರಾದ ಗಾಡಿ. ಅವುಗಳ ಮೇಲೆ ಕೂತಿದ್ದ ಹುಡುಗರಲ್ಲಿ ಮುಕ್ಕಾಲು ಪಾಲು ಆಮೇಲೆ ಹುಟ್ಟಿದವರು. 98 ಸಿಸಿ ಗಾಡಿಯ ಪೋರ್ಟ್ ಕೊರೆದು, ಹೆಡ್ ಇಳಿಸಿ, ಸೈಲೆನ್ಸರ್ ಜಾಗಕ್ಕೆ ಹೊಟ್ಟೆ ಉಬ್ಬಿದ ಚೇಂಬರ್ ಹಾಕಿ ಏನೇನೋ ಮಾಡಿದ್ದರು. ಏರ್ ಫಿಲ್ಟರಿನ ಸ್ಪಂಜನ್ನು ಎಣ್ಣೆಯಲ್ಲಿ ಅದ್ದಿ ಹಿಂಡುತ್ತಿದ್ದ ಒಬ್ಬ ಹುಡುಗನನ್ನು ನೋಡಿ ಭಾವನ ಮುಖ ಅರಳಿತು. "ಇವನಿಗೆ ಕೆಲಸ ಗೊತ್ತು. ಈ ಧೂಳಲ್ಲಿ ಎಣ್ಣೆ ಹಾಕದ ಫಿಲ್ಟರ್ ಇದ್ರೆ ಪಿಸ್ಟನ್ ಸಾಯಂಕಾಲದೊಳಗೆ ಸವೆದು ಹೋಗುತ್ತೆ." ಇನ್ನೊಬ್ಬ ಪ್ಲಗ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ತುದಿ ಬೆಳ್ಳಗಿತ್ತು. ಪೆಟ್ರೋಲ್ ಸಾಲುತ್ತಿಲ್ಲ, ಬಿಸಿ ಜಾಸ್ತಿ ಅಂತ ಅರ್ಥ. "ಒಂದು ನಂಬರ್ ದೊಡ್ಡ ಜೆಟ್ ಹಾಕು, ಇಲ್ದಿದ್ರೆ ಸೀಜ್ ಆಗುತ್ತೆ" ಅಂತ ಭಾವ ಕೇಳದಿದ್ದರೂ ಹೇಳಿದರು. ಜೆಟ್ ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು, ಸೀಜ್ ಅಂದರೆ ಬಿಸಿಗೆ ಪಿಸ್ಟನ್ ಸಿಕ್ಕಿಕೊಳ್ಳುವುದು. ಹುಡುಗ ಒಂದು ಕ್ಷಣ ಅವರ ಕೈ ನೋಡಿದ. ಉಗುರಿನಲ್ಲಿದ್ದ ಗ್ರೀಸು ನೋಡಿ ನಂಬಿಕೆ ಬಂತೇನೋ, ಕಾರ್ಬುರೇಟರ್ ಬಿಚ್ಚಿದ.

ಸಾಲಿನ ಕೊನೆಯಲ್ಲಿ ಒಂದು ಯಜ್ಡಿ. ಅದರ ಸವಾರನಿಗೆ ಐವತ್ತು ದಾಟಿರಬೇಕು. ಗಡ್ಡ ಬೆಳ್ಳಗಿತ್ತು. ಜಾವಾ ಚೆಕ್ ದೇಶದ ಕಂಪನಿ, ಮೈಸೂರಿನ ಕಾರ್ಖಾನೆ 1961ರಿಂದ ಅದರ ಗಾಡಿ ಮಾಡಿತು, ಆಮೇಲೆ ಅದೇ ಯಜ್ಡಿ ಆಯಿತು ಅನ್ನುವುದು ಭಾವನಿಗೆ ಗೊತ್ತಿತ್ತು. ಜಾವಾ ಹೆಸರಿನಲ್ಲಿ ಸ್ಪೀಡ್‌ವೇ ಬೈಕುಗಳೂ ಬಂದಿವೆ ಅಂತ ನಾನು ಹೇಳಿದಾಗ ಮಾತ್ರ ನಂಬಲಿಲ್ಲ. ಮೊಬೈಲ್ ತೆಗೆದು ಫೋಟೋ ತೋರಿಸಬೇಕಾಯಿತು. ಅದನ್ನು ಯಜ್ಡಿಯವರಿಗೂ ತೋರಿಸಿದೆವು. ಅವರು ಕನ್ನಡಕ ಏರಿಸಿ ನೋಡಿ, "ಬ್ರೇಕಿಲ್ವಾ? ನಂದಕ್ಕೂ ಇಲ್ಲ ಬಿಡಿ" ಅಂದರು.

ಮೂರೂವರೆಗೆ ಟ್ರ್ಯಾಕ್ ಸಿದ್ಧವಾಯಿತು. ಮಣ್ಣಿನ ಬಣ್ಣವೇ ಬದಲಾಗಿತ್ತು. ಯಜಮಾನರು ಮತ್ತೆ ಒಂದು ಹಿಡಿ ಎತ್ತಿ, ಉಂಡೆ ಕಟ್ಟಿ ನೋಡಿ, ತಲೆಯಾಡಿಸಿದರು. ಹತ್ತು ಆರ್‌ಎಕ್ಸ್, ಒಂದು ಸುಜುಕಿ ಶೋಗನ್, ಒಂದು ಯಜ್ಡಿ. ಬಾವುಟ ಬಿದ್ದದ್ದೇ ತಡ, ಟೂ ಸ್ಟ್ರೋಕ್ ಗಾಡಿಗೆ ಹಾಕುವ ಟೂಟಿ ಆಯಿಲಿನ ನೀಲಿ ಹೊಗೆ ನಮ್ಮ ಮೇಲೆ ಬಂತು. ಆ ವಾಸನೆ ಯಾರಿಗೆ ಆಗುವುದಿಲ್ಲವೋ ಅವರಿಗೆ ಈ ಆಟ ಹಿಡಿಸುವುದು ಕಷ್ಟ.

ತಿರುವಿನಲ್ಲಿ ನಿಲ್ಲಬೇಕು ಅಂತ ಭಾವ ಹೇಳಿದ್ದು ಯಾಕೆ ಅಂತ ಆಗ ಅಕ್ಕನ ಮಗನಿಗೂ ಗೊತ್ತಾಯಿತು. ನೇರ ದಾರಿಯಲ್ಲಿ ಯಾರು ಬೇಕಾದರೂ ಆಕ್ಸಿಲೇಟರ್ ತಿರುಗಿಸಬಹುದು. ತಿರುವಿನಲ್ಲಿ ಗಾಡಿ ಎಡಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹೊರಗೆ ಜಾರುತ್ತದೆ, ಆಗ ಸವಾರ ಹ್ಯಾಂಡಲನ್ನು ಬಲಕ್ಕೆ ತಿರುಗಿಸುತ್ತಾನೆ. "ಮಾಮ, ಎಡಕ್ಕೆ ಹೋಗ್ಬೇಕಾದ್ರೆ ಬಲಕ್ಕೆ ಯಾಕೆ ತಿರುಗಿಸ್ತಾನೆ?" ಹಿಂದಿನ ಚಕ್ರ ಜಾರಿ ಗಾಡಿಯ ಮೂತಿ ಅಗತ್ಯಕ್ಕಿಂತ ಜಾಸ್ತಿ ಎಡಕ್ಕೆ ತಿರುಗಿರುತ್ತದೆ, ಮುಂದಿನ ಚಕ್ರ ಅದನ್ನು ಹಿಡಿದು ನಿಲ್ಲಿಸುತ್ತದೆ ಅಂತ ಹೇಳುವುದರೊಳಗೆ ಅವರು ಇನ್ನೊಂದು ಸುತ್ತು ಬಂದಿದ್ದರು. ಮಣ್ಣು ಹೆಂಟೆ ಹೆಂಟೆಯಾಗಿ ಎದ್ದು ನಮ್ಮ ಎದೆಗೆ ಬಡಿಯಿತು. ಯಾರೂ ಹಿಂದೆ ಸರಿಯಲಿಲ್ಲ.

ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಕಾರ್ ರ್‍ಯಾಲಿ ನೋಡಿದ್ದೇನೆ. ಅದರ ಮೇಲೆ ಗೌರವವಿದೆ. ಆದರೆ ಅಲ್ಲಿ ಒಂದು ಕಾರು ಕಣ್ಣೆದುರು ಇರುವುದು ಐದು ಸೆಕೆಂಡು. ಯಾರು ಮುಂದೆ ಅಂತ ಗೊತ್ತಾಗಲು ಸಮಯದ ಪಟ್ಟಿ ಬರಬೇಕು. ಇಲ್ಲಿ ಜಗಳ ಪೂರ್ತಿ ಕಣ್ಣೆದುರೇ ನಡೆಯುತ್ತದೆ. ನೀಲಿ ಟ್ಯಾಂಕಿನ ಆರ್‌ಎಕ್ಸ್ ಮುಂದಿತ್ತು. ಭಾವ ಜೆಟ್ ಬದಲಿಸಲು ಹೇಳಿದ ಹುಡುಗ ಎರಡನೆಯವನು. ಅವನು ಒಳಗಿನ ದಾರಿ ಹಿಡಿದಾಗಲೆಲ್ಲ ನೀಲಿಯವನು ಬಾಗಿಲು ಮುಚ್ಚುತ್ತಿದ್ದ. ಮೂರನೇ ಸುತ್ತಿನಲ್ಲಿ ಹುಡುಗ ಒಳಗೆ ಹೋಗುವಂತೆ ಮಾಡಿ, ತಟ್ಟನೆ ಹೊರಗೆ, ಹಲಗೆ ಎಳೆದಾಗ ಅಂಚಿನಲ್ಲಿ ಗುಡ್ಡೆಬಿದ್ದ ಹಸಿ ಮಣ್ಣಿನ ಮೇಲೆ ಹತ್ತಿಸಿದ. ಚಕ್ರಕ್ಕೆ ಹಿಡಿತ ಸಿಕ್ಕಿತು. ತಿರುವು ಮುಗಿಯುವಾಗ ಅರ್ಧ ಗಾಡಿ ಮುಂದಿದ್ದ. ಯಜಮಾನರು ಟವಲ್ ತೆಗೆದು ಗಾಳಿಯಲ್ಲಿ ಬೀಸಿದರು. ಭಾವ ನನ್ನ ಭುಜ ಹಿಡಿದು ಅಲ್ಲಾಡಿಸಿದ್ದು ಮಾರನೇ ದಿನವೂ ನೋಯುತ್ತಿತ್ತು.

ಯಜ್ಡಿ ಮೊದಲ ತಿರುವಿನಲ್ಲೇ ಆಫ್ ಆಗಿತ್ತು. ಆ ಗಾಡಿಯಲ್ಲಿ ಗೇರ್ ಲಿವರೇ ಕಿಕ್ಕರ್. ಅದನ್ನು ಒಳಗೆ ಒತ್ತಿ, ಮೇಲಕ್ಕೆ ತಿರುಗಿಸಿ ಒದೆಯಬೇಕು. ಧೂಳಿನ ನಡುವೆ ಅಷ್ಟೆಲ್ಲ ಮಾಡಿ, ಕೊನೆಯವರಾಗಿ ಹೊರಟು, ಆ ಹಿರಿಯರು ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಾ ಬಂದರು. ಕೊನೆಯ ಸುತ್ತಿನಲ್ಲಿ ನೀಲಿ ಆರ್‌ಎಕ್ಸ್ ಪಕ್ಕದಲ್ಲೇ ಇದ್ದರು. ಇಬ್ಬರೂ ಒಟ್ಟಿಗೇ ಗೆರೆ ದಾಟಿದಂತೆ ಕಂಡಿತು. ಗೆರೆ ಇದ್ದದ್ದು ಶಾಮಿಯಾನದ ಹಿಂದೆ.

ಮೈಕಿನಲ್ಲಿ ಮೊದಲ ಸ್ಥಾನ ಹೇಳಿದರು. ನಮ್ಮ ಹುಡುಗನೇ. ಎರಡನೆಯದು ಹೇಳುವ ಹೊತ್ತಿಗೆ ಮುಖ್ಯ ಅತಿಥಿಗೆ ಬೇರೆ ಕಾರ್ಯಕ್ರಮ ಇದೆ ಅಂತ ವಂದನಾರ್ಪಣೆ ಶುರುವಾಯಿತು. ಆ ಪಟ್ಟಿ ಮುಗಿಯುವುದರೊಳಗೆ ಅರ್ಧ ಜನ ಗಾಡಿ ತೆಗೆಯಲು ಹೋಗಿದ್ದರು.

ಬಯಲಿನಿಂದ ಮುಖ್ಯ ರಸ್ತೆಗೆ ಇದ್ದದ್ದು ಒಂದೇ ದಾರಿ. ಅಲ್ಲಿ ಸಿಕ್ಕಿಕೊಂಡು ನಿಂತಾಗ, ಪಕ್ಕದ ಬೈಕಿನವನು ತಾನಾಗಿಯೇ ಮಾತು ತೆಗೆದ. "ಎರಡನೇದು ನೀಲಿ ಟ್ಯಾಂಕು ಅಲ್ವಾ?"

"ಯಜ್ಡಿ" ಅಂದರು ಭಾವ. "ಬೇಕಾದ್ರೆ ನೂರು ರೂಪಾಯಿ ಬೆಟ್ಟು."

"ಆಯ್ತು ಬಿಡಿ, ಕಟ್ಟಿದೆ. ಆದ್ರೆ ತೀರ್ಮಾನ ಮಾಡೋರು ಯಾರು?"

ಇಬ್ಬರೂ ನನ್ನ ನೋಟ್‌ಬುಕ್ ಕಡೆ ನೋಡಿದರು. ನಾನು ಅದನ್ನು ಅಂಗಿಯೊಳಗೆ ತುರುಕಿಕೊಂಡೆ.