ಕೂದಲು ಇರಲಿ ಮಗ

ಇದು 2020ರ ಏಪ್ರಿಲ್. ನಾವು ಕೇರಳದ ಗಡಿಜಿಲ್ಲೆ ಕಾಸರಗೋಡಿನವರು, ಕೊರೊನಾ ಲಾಕ್‌ಡೌನಿನಲ್ಲಿ ಸಲೂನುಗಳೂ ಮುಚ್ಚಿವೆ. ಮೊನ್ನೆ ಸಂಜೆ ಅಪ್ಪನ ಕೂದಲನ್ನು ನಾನೇ ಕತ್ತರಿಸಿದೆ. ಅಂಗಳದ ಹಲಸಿನ ಮರದ ಬುಡದಲ್ಲಿ ಕುರ್ಚಿ ಹಾಕಿ, ಅವರ ಕುತ್ತಿಗೆಗೆ ಹಳೇ ಬೈರಾಸು ಸುತ್ತಿ, ಹೆಂಡತಿಯ ಹೊಲಿಗೆ ಕತ್ತರಿ ಹಿಡಿದು ನಿಂತೆ. ಮಗಳು ಕನ್ನಡಿ ಹಿಡಿದುಕೊಂಡಳು. ಅಪ್ಪ ಒಂದು ಮಾತೂ ಆಡದೆ ತಲೆ ತಗ್ಗಿಸಿ ಕೂತರು. ಎಪ್ಪತ್ತಾರು ವರ್ಷದ ತಲೆ. ಹಿಂಬದಿಯೆಲ್ಲ ಬೆಳ್ಳಗೆ, ಹತ್ತಿಯಷ್ಟು ಮೆದು. ಇಷ್ಟು ಹತ್ತಿರದಿಂದ ಅದನ್ನು ನಾನು ನೋಡಿದ್ದೇ ಮೊದಲು. ಬಲಗಿವಿಯ ಹಿಂದೆ ಒಂದು ಹಳೇ ಗಾಯದ ಗುರುತು ಉಂಟು. ನಲ್ವತ್ತನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಅದು ಗೊತ್ತಿರಲಿಲ್ಲ.

ಅರ್ಧ ಗಂಟೆ ಬೇಕಾಯಿತು. ಮುಗಿದ ಮೇಲೆ ಅಪ್ಪ ಕನ್ನಡಿ ನೋಡಿದರು. ಹಿಂದಲೆಯನ್ನು ಅಂಗೈಯಿಂದ ಒಮ್ಮೆ ಸವರಿಕೊಂಡರು. "ಲಾಯ್ಕ ಆಯ್ತು" ಅಂದರು. ನನಗೆ ಖುಷಿಯಾಯಿತು. "ಇನ್ನು ಒಂದೂವರೆ ತಿಂಗಳು ಸಲೂನಿನ ಯೋಚನೆ ಇಲ್ಲ ಅಪ್ಪ" ಅಂದೆ. ಆಗ ಅವರು ಬೈರಾಸು ಕೊಡವುತ್ತಾ ತುಳುವಿನಲ್ಲಿ ಹೇಳಿದರು:

"ಕುಜಲ್ ಇಪ್ಪಡ್ ಮಗಾ, ಎಂಕ್ ಅಲ್ಪ ಒಂತೆ ಕುಲ್ಲೊಡಿತ್ತ್ಂಡ್."

ಕೂದಲು ಇರಲಿ ಮಗ, ನನಗೆ ಅಲ್ಲಿ ಸ್ವಲ್ಪ ಕೂರಬೇಕಿತ್ತು.

ಅಷ್ಟೇ. ದೂರು ಹೇಳುವ ದನಿಯೂ ಇರಲಿಲ್ಲ. ಹೇಳಿ ಕಾಲು ತೊಳೆಯಲು ಹೋದರು. ಎರಡು ದಿನದಿಂದ ಆ ಮಾತು ನನ್ನ ಕಿವಿಯಲ್ಲೇ ಉಂಟು. ತೋಟಕ್ಕೆ ನೀರು ಬಿಡುವಾಗ, ಊಟಕ್ಕೆ ಕೂತಾಗ, ರಾತ್ರಿ ದೀಪ ಆರಿಸಿದ ಮೇಲೆ. ಕೂದಲು ಇರಲಿ, ಕೂರಬೇಕಿತ್ತು.

ಇದಕ್ಕೆ ಮೊದಲು ಆದದ್ದನ್ನೂ ಹೇಳಬೇಕು. ಕಳೆದ ವಾರ ಟಿವಿಯಲ್ಲಿ ವಿನಾಯಿತಿಗಳ ಸುದ್ದಿ ಬಂತು. ಇಲ್ಲಿ ಸಂಜೆ ಆರು ಗಂಟೆಗೆ ಮುಖ್ಯಮಂತ್ರಿಗಳ ಪತ್ರಿಕಾಗೋಷ್ಠಿ ಅಂದರೆ ಮನೆಮನೆಯಲ್ಲೂ ಎಲ್ಲರೂ ಟಿವಿ ಮುಂದೆ. ಅಪ್ಪನಿಗೆ ಮಲಯಾಳ ಓದಲು ಬರುವುದಿಲ್ಲ, ಕೇಳಿದರೆ ಪೂರ್ತಿ ಅರ್ಥವಾಗುತ್ತದೆ. ಸಲೂನುಗಳು ಶನಿವಾರ ಭಾನುವಾರ ತೆರೆಯಬಹುದು, ಎಸಿ ಹಾಕಬಾರದು ಅಂತ ಸುದ್ದಿ. ಅಪ್ಪ ಅದನ್ನು ಕೇಳಿಸಿಕೊಂಡು ಸುಮ್ಮನೆ ಎದ್ದು ಹೋದರು. ನಾನು ಗಮನ ಕೊಡಲಿಲ್ಲ.

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ನೋಡಿದರೆ ಜಗಲಿಯಲ್ಲಿ ಕೂತಿದ್ದಾರೆ. ಬಿಳಿ ಅಂಗಿ, ಒಗೆದ ಮುಂಡು, ತೊಡೆಯ ಮೇಲೆ ಬಟ್ಟೆಯ ಚೀಲ, ಪಕ್ಕದಲ್ಲಿ ಕೊಡೆ. ಮಾಸ್ಕಿನ ಬದಲು ಮಡಚಿದ ಕರವಸ್ತ್ರ. ಹೊಸ ವರ್ಷದ ಬಿಸುವಿನ ದಿನವೂ ಅವರು ಇಷ್ಟು ಸಿಂಗಾರವಾಗಿರಲಿಲ್ಲ. ಈ ಸಲದ ಬಿಸುವಿಗೆ ಕಣಿ ಇಟ್ಟೆವು ನಿಜ. ಸೌತೆಕಾಯಿ, ಗೇರುಹಣ್ಣು, ಮಾವಿನಕಾಯಿ, ಕನ್ನಡಿ ಎಲ್ಲ ಇತ್ತು. ಕಾಲು ಹಿಡಿಯಲು ಬರುವ ಮಂದಿ ಮಾತ್ರ ಇರಲಿಲ್ಲ.

"ಎಲ್ಲಿಗೆ ಅಪ್ಪ?" ಅಂತ ಕೇಳಿದೆ.

"ಪೇಟೆಗೆ. ಇವತ್ತು ತೆರೆಯುತ್ತಾರಂತಲ್ಲ."

ನಾನೇ ಹೇಳಬೇಕಾಯಿತು. ಆ ವಿನಾಯಿತಿ ನಮಗೆ ಇಲ್ಲ, ಕಾಸರಗೋಡು ರೋಗ ಜಾಸ್ತಿ ಇರುವ ರೆಡ್ ಝೋನಿನಲ್ಲಿ ಉಂಟು, ಕಣ್ಣೂರು, ಕೋಝಿಕ್ಕೋಡು, ಮಲಪ್ಪುರಂ ಜೊತೆಗೆ, ಮೇ 3ರವರೆಗೆ ಸಲೂನು ತೆರೆಯುವುದಿಲ್ಲ ಅಂತ. ಅವರು "ಹೌದಾ" ಅಂದರು. ಆದರೂ ಒಂಬತ್ತು ಗಂಟೆಯವರೆಗೆ ಅಂಗಿ ಬಿಚ್ಚಲಿಲ್ಲ. ಕೇಂದ್ರ ಸರಕಾರ ಆಕ್ಷೇಪ ಎತ್ತಿ, ಸೋಮವಾರ ಬೇರೆ ಜಿಲ್ಲೆಗಳಿಗೆ ಕೊಟ್ಟಿದ್ದ ಆ ವಿನಾಯಿತಿಯೂ ವಾಪಸು ಹೋಯಿತು. ಆಮೇಲೆಯೇ ನಾನು ಕತ್ತರಿ ಹಿಡಿದದ್ದು. ಅಪ್ಪನ ಕಷ್ಟ ಕೂದಲಿನದು ಅಂತಲೇ ನಾನು ತಿಳಿದಿದ್ದೆ.

ನಮ್ಮ ಪೇಟೆ ಪೆರ್ಲದ ಆ ಸಲೂನನ್ನು ನಾನೂ ಚಿಕ್ಕಂದಿನಿಂದ ಬಲ್ಲೆ. ಎರಡು ಕುರ್ಚಿ, ಗೋಡೆಗೆ ಒರಗಿಸಿದ ಒಂದು ಉದ್ದದ ಮರದ ಬೆಂಚು. ಬೆಂಚಿನ ನಡುಭಾಗ ಕೂತು ಕೂತು ಸವೆದು ನುಣುಪಾಗಿದೆ. ಒಂದು ಕನ್ನಡ ಪೇಪರು, ಒಂದು ಮಲಯಾಳ ಪೇಪರು, ಎರಡೂ ಮಧ್ಯಾಹ್ನದೊಳಗೆ ಪುಟ ಪುಟವಾಗಿ ಬೇರೆಯಾಗಿರುತ್ತವೆ. ಮಂಗಳೂರು ಆಕಾಶವಾಣಿ ಸಣ್ಣಗೆ ಹಾಡುತ್ತಿರುತ್ತದೆ. ಸಲೂನಿನ ಅಣ್ಣನಿಗೆ ಒಂದು ಅಭ್ಯಾಸ. ಮಾತಾಡುವಾಗ ಕೈ ಕೂದಲಿನಿಂದ ದೂರ ಇದ್ದರೂ ಕತ್ತರಿ ಗಾಳಿಯಲ್ಲಿ ಕಚಕಚ ಅನ್ನುತ್ತಲೇ ಇರುತ್ತದೆ. ಆ ಶಬ್ದ ನಿಂತಿತು ಅಂದರೆ ಯಾರೋ ದೊಡ್ಡ ಸುದ್ದಿ ಹೇಳಿದ್ದಾರೆ ಅಂತಲೇ ಲೆಕ್ಕ.

ಅಪ್ಪ ಅಲ್ಲಿಗೆ ತಿಂಗಳಿಗೊಮ್ಮೆ ಕೂದಲಿಗೆ ಹೋಗುವುದು, ವಾರಕ್ಕೆ ಎರಡು ಸಲ ಗಡ್ಡಕ್ಕೆ. ಹತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ. ಅವರ ಸರದಿ ಬಂದರೂ "ಅವರದ್ದು ಆಗಲಿ" ಅಂತ ಬೇರೆಯವರನ್ನು ಮುಂದೆ ಕಳಿಸುತ್ತಿದ್ದರಂತೆ. ಸಲೂನಿನ ಅಣ್ಣ ಹಿಂದೊಮ್ಮೆ ನನಗೆ ಇದನ್ನು ಹೇಳಿದ್ದರು. ಆಗ ಅದು ಅಪ್ಪನ ಒಳ್ಳೇತನ ಅಂದುಕೊಂಡಿದ್ದೆ. ಒಳ್ಳೇತನ ಇಲ್ಲ ಅಂತಲ್ಲ. ಆದರೆ ಸರದಿ ಮುಗಿದರೆ ಎದ್ದು ಬರಬೇಕಲ್ಲ, ಅದು ಅವರಿಗೆ ಬೇಡವಾಗಿತ್ತು.

ಆ ಬೆಂಚಿನಲ್ಲಿ ಅಪ್ಪನ ಪಕ್ಕ ಕೂರುವವರು ಒಬ್ಬರು ಬ್ಯಾರಿ ಅಜ್ಜ. ಹಿಂದೆ ಅಡಿಕೆ ವ್ಯಾಪಾರ ಮಾಡುತ್ತಿದ್ದವರು. ಅವರು ಬ್ಯಾರಿ ಭಾಷೆಯಲ್ಲಿ ಮಾತಾಡುತ್ತಾರೆ, ಅಪ್ಪ ತುಳುವಿನಲ್ಲಿ ಉತ್ತರ ಕೊಡುತ್ತಾರೆ. ನಡುವೆ ಸಲೂನಿನ ಅಣ್ಣ ಕನ್ನಡ ಪೇಪರಿನ ತಲೆಬರಹ ಓದುತ್ತಾರೆ. ಅಡಿಕೆಯ ರೇಟು, ಮಳೆ, ಯಾರದ್ದೋ ಮಂಡಿನೋವು, ಯಾರ ಮಗನಿಗೋ ದುಬಾಯಿಯಲ್ಲಿ ಕೆಲಸ. ಹೊಸ ವಿಷಯ ಇರಲೇಬೇಕು ಅಂತಿಲ್ಲ. ಆಮೇಲೆ ಪಕ್ಕದ ಹೋಟೆಲಿನಲ್ಲಿ ಚಾ. ಗೋಳಿಬಜೆ ಆದ ದಿನ ಒಂದು ಪ್ಲೇಟು ಇಬ್ಬರಿಗೆ. ರಂಜಾನ್ ಉಪವಾಸದ ತಿಂಗಳಲ್ಲಿ ಆ ಅಜ್ಜ ಚಾ ಕುಡಿಯುವುದಿಲ್ಲ, ಆದರೂ ಬಂದು ಬೆಂಚಿನಲ್ಲಿ ಕೂರುತ್ತಾರೆ. ಆ ತಿಂಗಳು ಅಪ್ಪನೂ ಹೋಟೆಲಿಗೆ ಹೋಗುವುದಿಲ್ಲ. ಈ ವಾರ ಉಪವಾಸ ಶುರುವಾಗುತ್ತದೆ. ಅದಕ್ಕೆ ಮೊದಲು ಒಂದು ಚಾ ಜೊತೆಗೆ ಕುಡಿಯಬೇಕು ಅಂತ ಅಪ್ಪನ ಮನಸ್ಸಿನಲ್ಲಿ ಇತ್ತೋ ಏನೋ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಈ ಒಂದು ತಿಂಗಳಲ್ಲಿ ನಾನು ಅಪ್ಪನಿಗೆ ಯಾವುದಕ್ಕೂ ಕಮ್ಮಿ ಮಾಡಿಲ್ಲ ಅಂತ ನಂಬಿದ್ದೆ. ಅಂಗಡಿ ತೆರೆದಿರುವ ಹನ್ನೊಂದರಿಂದ ಐದರ ಒಳಗೆ ಹೋಗಿ ವೀಳ್ಯದೆಲೆ ತಂದೆ, ಹೊಗೆಸೊಪ್ಪು ತಂದೆ. ಅವರ ಬಿಪಿ ಮಾತ್ರೆ ಮುಗಿಯುವ ಮೊದಲೇ ಹುಡುಕಿ ತಂದೆ. ಮಂಗಳೂರಿನ ಡಾಕ್ಟರಿಗೆ ತೋರಿಸುವ ದಿನ ದಾಟಿದೆ, ಅದು ನಮ್ಮ ಕೈಯಲ್ಲಿ ಇಲ್ಲ. ರೇಷನಿನ ಕಿಟ್ ಬಂತು. ಟಿವಿ ಉಂಟು, ಫ್ಯಾನ್ ಉಂಟು, ಮೊಮ್ಮಗಳು ಉಂಟು. ಮುದುಕರಿಗೆ ಲಾಕ್‌ಡೌನ್ ಅಂದರೆ ಎಂತ ವ್ಯತ್ಯಾಸ, ಅವರು ಹೇಗೂ ಮನೆಯಲ್ಲೇ ಇರುವವರು ಅಂತ ನಾನೇ ಫೋನಿನಲ್ಲಿ ಯಾರಿಗೋ ಹೇಳಿದ್ದೆ. ಈಗ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ. ದಿನವಿಡೀ ಹೊರಗೆ ತಿರುಗುವವನಿಗೆ ಒಂದು ಜಾಗ ಮುಚ್ಚಿದರೆ ಇನ್ನೊಂದು ಇರುತ್ತದೆ. ಅಪ್ಪನಿಗೆ ಇದ್ದದ್ದು ಅದೊಂದೇ ಬೆಂಚು.

ನಮ್ಮ ಮನೆಯಲ್ಲಿ ರಾತ್ರಿ ಊಟದ ನಂತರ ಒಂದು ಆಟ ನಡೆಯುತ್ತದೆ. ಎಲ್ಲ ತೆರೆದ ಮೇಲೆ ಮೊದಲು ಎಂತ ಮಾಡುವುದು ಅಂತ ಒಬ್ಬೊಬ್ಬರೇ ಹೇಳಬೇಕು. ಶುರು ಮಾಡಿದ್ದು ಮಗಳು. ಅವಳದ್ದು ದಿನಕ್ಕೊಂದು. ಒಮ್ಮೆ ಐಸ್‌ಕ್ರೀಂ, ಒಮ್ಮೆ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾನನ್ನು ನೋಡುವುದು. ಅದಕ್ಕೆ ನೈವೇದ್ಯ ಸಿಗುತ್ತಾ ಇದೆಯಾ ಅಂತ ಅವಳಿಗೆ ದೊಡ್ಡ ಚಿಂತೆ. ನನ್ನದು ಮಧೂರು ಗಣಪತಿ ದೇವಸ್ಥಾನದ ಅಪ್ಪ ಎಂಬ ಸಿಹಿ ಪ್ರಸಾದ, ಮತ್ತೆ ಒಂದು ರಾತ್ರಿ ಪೂರ್ತಿ ಯಕ್ಷಗಾನ ಬಯಲಾಟ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಸೀಮೆಯವರು ನಾವು. ಚೆಂಡೆ ಕೇಳದೆ ಏಪ್ರಿಲ್ ತಿಂಗಳು ಕಳೆದದ್ದು ನನ್ನ ನೆನಪಿನಲ್ಲಿ ಇಲ್ಲ. ಮೇ ಕೊನೆಗೆ ಆಟಗಳು ನಿಲ್ಲುವ ಪತ್ತನಾಜೆಯ ದಿನ ಬಂದರೆ ಈ ವರ್ಷದ ಮೇಳಗಳ ತಿರುಗಾಟ ಮುಗಿದ ಹಾಗೆಯೇ. ಆಟದವರ ಮನೆಯಲ್ಲಿ ಒಲೆ ಹೇಗೆ ಉರಿಯುತ್ತಿದೆಯೋ.

ಹೆಂಡತಿಯದ್ದು ಯಾವಾಗಲೂ ಒಂದೇ. ಅಮ್ಮನ ಮನೆ. ಗಡಿಯಾಚೆ ಕರ್ನಾಟಕದ ಅಡ್ಯನಡ್ಕದ ಹತ್ತಿರ, ಇಲ್ಲಿಂದ ಹತ್ತು ಕಿಲೋಮೀಟರು ಇಲ್ಲ. ನಮ್ಮ ಕಡೆಯವರು ಬರಬಾರದು ಅಂತ ಕರ್ನಾಟಕದವರು ನಡುವೆ ರಸ್ತೆಗೆ ಮಣ್ಣು ಸುರಿದಿದ್ದಾರೆ. ಲಾರಿಯಲ್ಲಿ ತಂದು ಆಳೆತ್ತರ. ಹೆದ್ದಾರಿಯ ಗಡಿ ತಲಪಾಡಿಯಲ್ಲಿ ದಾರಿ ಮುಚ್ಚಿದ ಸುದ್ದಿ ಎಲ್ಲರಿಗೂ ಗೊತ್ತು, ಟಿವಿಯಲ್ಲಿ ಬಂತು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಳರಸ್ತೆಗಳ ಮಣ್ಣನ್ನು ಕೇಳುವವರಿಲ್ಲ. ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಸತ್ತರು. ಐವತ್ತು ಕಿಲೋಮೀಟರಿನಲ್ಲಿ ಇರುವ ಊರು ಅದು. ನಮ್ಮ ಮಕ್ಕಳು ಓದುವುದು ಅಲ್ಲಿ, ಬಾಣಂತನ ಅಲ್ಲಿ, ಮದುವೆಯ ಜವಳಿ ಅಲ್ಲಿ. ರೋಗಕ್ಕೆ ಹೆದರುವುದು ಬೇರೆ, ಮನುಷ್ಯರ ಮೇಲೆ ಮಣ್ಣು ಸುರಿಯುವುದು ಬೇರೆ. ಅದನ್ನು ಸರಿ ಅಂತ ಹೇಳುವವರು ನಮ್ಮ ಸಂಬಂಧಿಕರಲ್ಲೇ ಇದ್ದಾರೆ. "ನಿಮ್ಮ ಕಾಸರಗೋಡಿನವರು" ಅಂತ ಒಬ್ಬರು ಫೋನಿನಲ್ಲಿ ಅಂದರು. ಮೊನ್ನೆ ಮೊನ್ನೆ ನಮ್ಮ ಮನೆಗೆ ಬಂದು ಉಂಡು ಹೋದವರು. ಆ ಮಾತನ್ನು ನಾನು ಬೇಗ ಮರೆಯುವುದಿಲ್ಲ.

ಒಂದು ಒಳ್ಳೆಯದೂ ಆಯಿತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡದಲ್ಲಿ ಈ ಏಪ್ರಿಲ್ 6ರಿಂದ ಕೊರೊನಾ ಆಸ್ಪತ್ರೆ ಶುರುವಾಗಿದೆ. ತಿರುವನಂತಪುರದಿಂದ ಡಾಕ್ಟರುಗಳು, ನರ್ಸುಗಳು ಮನೆಮಠ ಬಿಟ್ಟು ಇಷ್ಟು ದೂರ ಬಂದರು. ನಮ್ಮ ಭಾಷೆ ತಿಳಿಯದವರು, ನಮ್ಮ ಊರು ನೋಡದವರು. ಅವರನ್ನು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಹೆಂಡತಿಯ ತವರಿನಲ್ಲಿ ಇದು ಹಲಸಿನ ಹಪ್ಪಳದ ಸಮಯ. ಅವಳು, ಅವಳ ಅಕ್ಕ, ಚಿಕ್ಕಮ್ಮ ಎಲ್ಲ ಸೇರುವುದು ರೂಢಿ. ಒಬ್ಬರು ಸೊಳೆ ಬಿಡಿಸುವುದು, ಒಬ್ಬರು ಬೇಯಿಸಿದ್ದನ್ನು ಗುದ್ದುವುದು, ಒಬ್ಬರು ಉಂಡೆ ಮಾಡಿ ಒತ್ತುವುದು. ಮಕ್ಕಳು ಚಾಪೆಯಲ್ಲಿ ಹರಡುವ ನೆಪದಲ್ಲಿ ಹಸಿ ಹಿಟ್ಟು ತಿನ್ನುವುದು. ಈ ಸಲ ನಮ್ಮ ಅತ್ತೆ ಒಬ್ಬರೇ ಒತ್ತುತ್ತಿದ್ದಾರೆ. ಅಂಗಳದಲ್ಲಿ ಒಣಗಲು ಹಾಕಿದ ಚಾಪೆಯನ್ನು ವಿಡಿಯೋ ಕಾಲಿನಲ್ಲಿ ತೋರಿಸಿದರು. ಒಂದೇ ಚಾಪೆ. "ಇಷ್ಟೇ ಆದದ್ದು, ಮಾತಾಡಲು ಜನ ಇಲ್ಲದೆ ಕೈ ಓಡುವುದಿಲ್ಲ" ಅಂದರು. ಹೆಂಡತಿ ಫೋನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಅತ್ತೆ ಹೇಳಿದ್ದೂ ಅಪ್ಪ ಹೇಳಿದ್ದೂ ಒಂದೇ ಅಲ್ವಾ? ನನಗೆ ಅದು ಹೊಳೆದದ್ದು ಈ ಎರಡು ದಿನದಲ್ಲಿ. ಹಪ್ಪಳ ಅಂಗಡಿಯಲ್ಲಿ ಸಿಗುತ್ತದೆ. ಕೂದಲನ್ನು ಮಗ ತೆಗೆಯುತ್ತಾನೆ. ನಮ್ಮ ಹಿರಿಯರು "ಸುಮ್ನೆ ಹೋಗಿ ಬರುತ್ತೇನೆ" ಅಂತ ಮನೆಯಿಂದ ಹೊರಟವರಲ್ಲ. ಅವರಿಗೆ ಒಂದು ಕೆಲಸದ ಹೆಸರು ಬೇಕು. ಕೂದಲು, ಹಪ್ಪಳ, ಎಲೆ ಅಡಿಕೆ, ಪೋಸ್ಟ್ ಆಫೀಸು, ರೇಷನ್ ಅಂಗಡಿಯ ಕ್ಯೂ. ಆ ಕೆಲಸದ ನೆರಳಿನಲ್ಲಿ ಕೂತು ಅವರು ತಮ್ಮ ಸಂತೋಷ ಹುಡುಕಿಕೊಂಡರು. ನಾವು ಅದನ್ನು ಕೆಲಸ ಅಂತಲೇ ನಂಬಿದೆವು. "ನೀವು ಯಾಕೆ ಹೋಗುವುದು, ನಾನೇ ತರುತ್ತೇನೆ" ಅಂತ ಒಂದೊಂದೇ ತಪ್ಪಿಸಿದೆವು. ಕರೆಂಟ್ ಬಿಲ್ಲು ಕಟ್ಟಲು ಅಪ್ಪ ಪೆರ್ಲಕ್ಕೆ ಹೋಗುತ್ತಿದ್ದರು. ಮೂರು ವರ್ಷದ ಹಿಂದೆ ಅದನ್ನು ಫೋನಿನಲ್ಲಿ ಕಟ್ಟಲು ಶುರು ಮಾಡಿದವನು ನಾನು. "ಇನ್ನು ನಿಮಗೆ ಬಿಸಿಲಿಗೆ ಹೋಗುವ ಕಷ್ಟ ಇಲ್ಲ" ಅಂತ ಅವತ್ತೂ ಹೇಳಿದ್ದೆ. ಅವತ್ತೂ ಅಪ್ಪ "ಲಾಯ್ಕ ಆಯ್ತು" ಅಂದಿದ್ದರು.

ರಾತ್ರಿಯ ಆಟದಲ್ಲಿ ಅಪ್ಪ ಇದುವರೆಗೆ ಸೇರಿರಲಿಲ್ಲ. ಮಗಳು ಕೇಳಿದರೆ "ನನಗೆ ಎಂತ ಬೇಕು ಮಗಳೇ, ಎಲ್ಲ ಉಂಟಲ್ಲ" ಅನ್ನುತ್ತಿದ್ದರು. ನಾವು ಅದನ್ನೂ ನಂಬಿದ್ದೆವು.

ನಿನ್ನೆ ಸಂಜೆ ನಾನು ಸಲೂನಿನ ಅಣ್ಣನಿಗೆ ಫೋನ್ ಮಾಡಿದೆ. ಅವರ ದನಿ ಇಳಿದಿತ್ತು. ಒಂದು ತಿಂಗಳಿಗಿಂತ ಜಾಸ್ತಿ ಆಯಿತು, ಒಂದು ಪೈಸೆ ಸಂಪಾದನೆ ಇಲ್ಲ. ಆದರೂ ಮೊದಲು ಕೇಳಿದ್ದು ಅಪ್ಪನನ್ನು. ನಾನು ಫೋನನ್ನು ಅಪ್ಪನ ಕೈಗೆ ಕೊಟ್ಟೆ. ಅವರಿಗೆ ಕಿವಿ ಸ್ವಲ್ಪ ಮಂದ. ಸ್ಪೀಕರ್ ಹಾಕಿದೆ.

ಅಡಿಕೆಯಿಂದ ಶುರುವಾಗಿ ಬ್ಯಾರಿ ಅಜ್ಜನ ಸೊಂಟನೋವಿನವರೆಗೆ ಮಾತು ಹೋಯಿತು. ಅಪ್ಪ ಇಷ್ಟು ಜೋರಾಗಿ ಮಾತಾಡಿದ್ದನ್ನು ಈ ತಿಂಗಳಲ್ಲಿ ನಾನು ಕೇಳಿರಲಿಲ್ಲ. ಕಾಲು ಗಂಟೆ ಕಳೆದ ಮೇಲೆ ಆ ಕಡೆಯಿಂದ ಪ್ರಶ್ನೆ ಬಂತು.

"ಕೂದಲು ತುಂಬಾ ಬೆಳೆದಿರಬೇಕು, ಅಲ್ವಾ? ಯಾರಾದರೂ ತೆಗೆದರಾ?"

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಫೋನಿಗೆ ಹೇಳಿದರು. "ಇಲ್ಲ ಮಾರಾಯ. ಹಾಗೆಯೇ ಉಂಟು. ನೀನು ಬಾಗಿಲು ತೆರೆದ ದಿನ ಬರುತ್ತೇನೆ."

ಫೋನು ಇಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಹಿಂದಲೆಯನ್ನು ಸವರಿಕೊಂಡರು. ಮತ್ತೆ ಮೊಮ್ಮಗಳನ್ನು ಹತ್ತಿರ ಕರೆದು, ಗೋಡೆಯ ಕ್ಯಾಲೆಂಡರಿನಲ್ಲಿ ಮೇ 3ಕ್ಕೆ ಇನ್ನು ಎಷ್ಟು ದಿನ ಉಂಟು ಅಂತ ಎಣಿಸಲು ಹೇಳಿದರು.

"ಅಷ್ಟರೊಳಗೆ ಸ್ವಲ್ಪವಾದರೂ ಬೆಳೆದೀತು, ಅಲ್ಲವಾ?" ಅಂತ ನನ್ನನ್ನು ಕೇಳಿದರು.