ಮನೆ ಫೋಟೊಗಳ ಕೆಲಸ: ಏಳನೇ ವಾರ

ಇವತ್ತಿಗೆ ಲೆಕ್ಕಕ್ಕೆ ಸಿಕ್ಕಿದ್ದು 61,480 ಫೋಟೊ, 412 ಜಿಬಿ. ಹಳೇ ಲ್ಯಾಪ್‌ಟಾಪ್, ಪೆನ್‌ಡ್ರೈವ್, ಸಿಡಿ, ಅಪ್ಪನ ಮೊಬೈಲ್, ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ತಂದು, ಏನೂ ಮುಟ್ಟದೆ ಇನ್ನೊಂದಕ್ಕೂ ಕಾಪಿ ಮಾಡಿಟ್ಟಿದ್ದೇನೆ. ಸರಿಮಾಡೋದು ಆಮೇಲೆ. ಕೈ ತಪ್ಪಿದರೆ ಮೂಲ ಇರಬೇಕಲ್ವಾ?

ಈ ವಾರ ಪೂರ್ತಿ ತಾರೀಖಿನದೇ ಕೆಲಸ. ನಮ್ಮ ಹಳೇ ಕ್ಯಾಮೆರಾದ ಬ್ಯಾಟರಿ ತೆಗೆದು ಜಾಸ್ತಿ ದಿನ ಇಟ್ಟರೆ ಗಡಿಯಾರ ಮೊದಲಿಗೆ ಹೋಗಿಬಿಡುತ್ತಿತ್ತು. ಅದಕ್ಕೇ ನಮ್ಮ ಗೃಹಪ್ರವೇಶದ 214 ಫೋಟೊಗಳೂ 2007ರ ಜನವರಿಯವು ಅಂತ ತೋರಿಸುತ್ತಿದ್ದವು. ಆಗ ಇಲ್ಲಿ ಬರೀ ಖಾಲಿ ಸೈಟ್ ಇತ್ತು! ಅಮ್ಮನ ಬೀರುವಿನಲ್ಲಿ ಆಹ್ವಾನ ಪತ್ರಿಕೆ ಸಿಕ್ಕಿತು: 2012ರ ಫೆಬ್ರವರಿ 26, ಭಾನುವಾರ. ದಿನ ಗೊತ್ತಾಯಿತು, ಗಂಟೆ?

ಅವತ್ತು ಸಂಜೆ ಮಂಡ್ಯದ ನೆಂಟರನ್ನು ಅರಮನೆ ದೀಪ ನೋಡಲು ಕರೆದುಕೊಂಡು ಹೋಗಿದ್ದೆವು. ಒಂದು ಫೋಟೊದಲ್ಲಿ ಅರಮನೆ ಕತ್ತಲಲ್ಲಿದೆ, ಅಜ್ಜಿ ಸೆರಗು ಹೊದ್ದು ನಿಂತಿದ್ದಾರೆ. ಮುಂದಿನದರಲ್ಲಿ ದೀಪ ಹತ್ತಿದೆ, ಅಜ್ಜಿಯ ಕೈ ಕೆನ್ನೆ ಮೇಲಿದೆ. ಎರಡರ ನಡುವೆ 9 ಸೆಕೆಂಡ್. ಭಾನುವಾರದ ದೀಪ ಹತ್ತುವುದು ಸಂಜೆ 7ಕ್ಕೆ! ಆ ಫೋಟೊಗೆ 7 ಗಂಟೆ ಅಂತ ಇಟ್ಟುಕೊಂಡೆ. ಬಂದ ವ್ಯತ್ಯಾಸವನ್ನು, ಫೋಟೊ ಒಳಗಿನ ತಾರೀಖು ತಿದ್ದುವ ಎಕ್ಸಿಫ್‌ಟೂಲ್ ಅನ್ನೋ ತಂತ್ರಾಂಶದಿಂದ 214ಕ್ಕೂ ಕೂಡಿಸಿದೆ. ಹಾಲು ಉಕ್ಕಿದ ಫೋಟೊ ಬೆಳಿಗ್ಗೆ 6:52ಕ್ಕೆ ಬಂದು ಕೂತಿತು. ಪತ್ರಿಕೆಯಲ್ಲಿ ಮುಹೂರ್ತ 6:30ರಿಂದ 7:15. ಖುಷಿಗೆ ಅಮ್ಮನನ್ನು ಅಡುಗೆಮನೆಯಿಂದ ಕೂಗಿ ಕರೆದು ತೋರಿಸಿದೆ.

ವಾಟ್ಸ್ಆ್ಯಪ್‌ನಲ್ಲಿ ಬಂದವುಗಳ ಒಳಗೆ ತೆಗೆದ ತಾರೀಖೇ ಉಳಿದಿರುವುದಿಲ್ಲ. ಸದ್ಯಕ್ಕೆ ಫೈಲ್ ಹೆಸರಿನಲ್ಲಿರುವ ದಿನವನ್ನೇ ಹಾಕಿ, ಬೇರೆ ಫೋಲ್ಡರಿಗೆ ಸರಿಸಿದ್ದೇನೆ.

ಒಂದು ಬೇಜಾರು. ಕುಕ್ಕರಹಳ್ಳಿ ಕೆರೆಯಲ್ಲಿ ತೆಗೆದ ಹೆಜ್ಜಾರ್ಲೆ ಫೋಟೊ ಅರ್ಧಕ್ಕೇ ಬೂದು ಬಣ್ಣ. ಕೊಕ್ಕಿದೆ, ರೆಕ್ಕೆ ಇಲ್ಲ. ಪೆನ್‌ಡ್ರೈವ್‌ನಲ್ಲೇ ಕೆಟ್ಟಿತ್ತು, ಎರಡೂ ಡಿಸ್ಕಿಗೆ ಕೆಟ್ಟದ್ದೇ ಹೋಗಿದೆ. ಇನ್ನು ಮುಂದೆ ಹೀಗೆ ಗೊತ್ತಾಗದೆ ಕೆಡಬಾರದು ಅಂತ ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲ್ ಚೂರು ಬದಲಾದರೂ ತಾಳೆಯಾಗದ ಗುರುತಿನ ಸಂಖ್ಯೆ) ಬರೆದಿಟ್ಟೆ. ತಿಂಗಳಿಗೊಮ್ಮೆ ತಾಳೆ ನೋಡಬೇಕು.

ಫೋಟೊಗ್ರಾಫರ್ ಪೀಟರ್ ಕ್ರೋಗ್ ಅವರ 3-2-1 ಲೆಕ್ಕದಲ್ಲಿ ಮೂರು ಪ್ರತಿ ಇರಬೇಕು, ಎರಡು ಬಗೆಯ ಸಾಧನದಲ್ಲಿರಬೇಕು, ಒಂದು ಬೇರೆ ಜಾಗದಲ್ಲಿರಬೇಕು. ನನ್ನವೆಲ್ಲ ಹಾರ್ಡ್ ಡಿಸ್ಕೇ, ಆ ‘ಎರಡು ಬಗೆ’ ಇನ್ನೂ ಬಾಕಿ. ಮೂರನೇ ಡಿಸ್ಕಂತೂ ಮುಂದಿನ ಭಾನುವಾರ ಮಂಡ್ಯಕ್ಕೆ, ಅಕ್ಕನ ಮನೆಗೆ ಹೋಗುತ್ತದೆ. ಅವಳ ಹತ್ತಿರ ಅಜ್ಜಿಯ ಎರಡು ಆಲ್ಬಂ ಇವೆಯಂತೆ. ಬರುವಾಗ ಸ್ಕ್ಯಾನ್ ಮಾಡೋಕೆ ತರಬೇಕು.