ಮಾಸು ಬೀಳುವವರೆಗೆ ಕಾಯಬೇಡಿ: ಕರುವಿನ ಹೊಟ್ಟೆ ಮತ್ತು ಗಿಣ್ಣು ಹಾಲಿನ ಲೆಕ್ಕ

ಹಸು ಈದ ಮೇಲೆ ಮಾಸು ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದು ಎಂಬ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ರಾತ್ರಿ ಹನ್ನೊಂದಕ್ಕೆ ಹುಟ್ಟಿದ ಕರುವಿನ ಬಾಯಿಗೆ ಬೆಳಗಿನ ಏಳಕ್ಕೆ ಮೊದಲ ಗುಟುಕು. ಕರು ಸಾಕುವುದರಲ್ಲಿ ಇದಕ್ಕಿಂತ ದುಬಾರಿಯಾದ ತಡ ಇನ್ನೊಂದಿಲ್ಲ. ತಮಾಷೆಯೆಂದರೆ, ಕರು ಚೀಪಿದಾಗ ತಾಯಿಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊಮ್ಮಿ ಗರ್ಭಕೋಶ ಹಿಂಡಿಕೊಳ್ಳುತ್ತದೆ. ಅಂದರೆ ಮಾಸು ಬೀಳಲು ನೆರವಾಗುವ ಕೆಲಸವನ್ನೇ ನಾವು ಮಾಸು ಬೀಳಲಿ ಎಂದು ತಡೆದು ಕೂತಿರುತ್ತೇವೆ.

ದನಗಳಲ್ಲಿ ತಾಯಿಯ ರಕ್ತದ ಪ್ರತಿಕಾಯಗಳು (ರೋಗಾಣುಗಳನ್ನು ಎದುರಿಸುವ ಪ್ರೋಟೀನುಗಳು) ಮಾಸನ್ನು ದಾಟಿ ಕರುವನ್ನು ಸೇರುವುದಿಲ್ಲ. ಮನುಷ್ಯರ ಕೂಸು ಒಂದಿಷ್ಟು ರಕ್ಷಣೆ ಹೊತ್ತೇ ಹುಟ್ಟುತ್ತದೆ. ಕರು ಬರಿಗೈಯಲ್ಲಿ ಬರುತ್ತದೆ. ಅದಕ್ಕೆ ಸಿಗಬೇಕಾದ ಪ್ರತಿಕಾಯವೆಲ್ಲ, ಮುಖ್ಯವಾಗಿ ಐಜಿಜಿ ಎಂಬ ಬಗೆಯದು, ಗಿಣ್ಣು ಹಾಲಿನಲ್ಲಿದೆ. ಹುಟ್ಟಿದ ಹೊಸದರಲ್ಲಿ ಸಣ್ಣ ಕರುಳಿನ ಜೀವಕೋಶಗಳು ಈ ದೊಡ್ಡ ಅಣುಗಳನ್ನು ಒಡೆಯದೆ ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಡುತ್ತವೆ. ಆ ಬಾಗಿಲು ಮೊದಲ ಗಂಟೆಯಿಂದಲೇ ಮುಚ್ಚತೊಡಗುತ್ತದೆ, ಆರು ಗಂಟೆಯ ಹೊತ್ತಿಗೆ ಹೀರಿಕೆ ಎದ್ದು ಕಾಣುವಷ್ಟು ಕುಗ್ಗಿರುತ್ತದೆ, 24 ಗಂಟೆಗೆ ಬಹುತೇಕ ಪೂರ್ತಿ ಮುಚ್ಚುತ್ತದೆ. ಆಮೇಲೆ ಕುಡಿಸಿದ ಗಿಣ್ಣು ಕರುಳಿನೊಳಗೆ ಒಂದಿಷ್ಟು ಕಾವಲು ಕಾಯುತ್ತದೆ, ರಕ್ತಕ್ಕೆ ಸೇರುವುದಿಲ್ಲ. ಇನ್ನೊಂದು ಸಂಗತಿ: ಆ ತೆರೆದ ಬಾಗಿಲಲ್ಲಿ ಬ್ಯಾಕ್ಟೀರಿಯವೂ ನುಗ್ಗಬಲ್ಲದು. ಸಗಣಿ ಮೆತ್ತಿದ ಮೊಲೆಯನ್ನು ಕರು ಮೊದಲು ನೆಕ್ಕಿದರೆ ಗಿಣ್ಣಿಗಿಂತ ಮುಂಚೆ ಇ. ಕೋಲಿ ಒಳಗೆ ಹೋಗಿರುತ್ತದೆ.

ಎಷ್ಟು ಕುಡಿಸಬೇಕು? ಕರುವಿನ ತೂಕದ ಶೇ. 10ರಷ್ಟನ್ನು ಮೊದಲ ಎರಡು ಗಂಟೆಯೊಳಗೆ, ತಡವಾದರೂ ನಾಲ್ಕು ಗಂಟೆ ಮೀರದಂತೆ, ಮತ್ತೆ ಶೇ. 5ರಷ್ಟನ್ನು 10–12ನೇ ಗಂಟೆಗೆ. 30 ಕೆ.ಜಿ. ತೂಗುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಕರುವಿಗೆ ಮೂರು ಲೀಟರ್, ಆಮೇಲೆ ಒಂದೂವರೆ. ಮಲೆನಾಡು ಗಿಡ್ಡದ ಪುಟ್ಟ ಕರುವಿಗೆ ಇದೇ ಲೆಕ್ಕದಲ್ಲಿ ಒಂದು ಲೀಟರಿನ ಆಸುಪಾಸು ಸಾಕು. ತೂಕದ ಅಂದಾಜು ಸಿಗದಿದ್ದರೆ ಮನೆಯ ತೂಕದ ಯಂತ್ರದ ಮೇಲೆ ಕರುವನ್ನು ಎತ್ತಿಕೊಂಡು ನಿಂತು, ನಿಮ್ಮ ತೂಕ ಕಳೆಯಿರಿ. "ತಾಯಿ ಹತ್ತಿರ ಬಿಟ್ಟಿದ್ದೇವೆ, ಅದೇ ಕುಡಿಯುತ್ತದೆ" ಎನ್ನುವುದನ್ನು ನಂಬಬೇಡಿ. ಜೋತುಬಿದ್ದ ಕೆಚ್ಚಲು, ದಪ್ಪ ಮೊಲೆ, ಹೆರಿಗೆಯಲ್ಲಿ ಸುಸ್ತಾದ ಕರು, ಮೊದಲ ಸೂಲಿನ ಗಾಬರಿಯ ಹಸು: ಇವುಗಳಲ್ಲಿ ಒಂದಿದ್ದರೂ ಕರು ಕುಡಿದದ್ದು ಅರ್ಧ ಲೀಟರೂ ಇರಲಿಕ್ಕಿಲ್ಲ. ಕೆಚ್ಚಲನ್ನು ತೊಳೆದು, ಒಣಬಟ್ಟೆಯಿಂದ ಒರೆಸಿ, ಮೊದಲ ಎರಡು ಮೂರು ಸೆಳೆತ ನೆಲಕ್ಕೆ ಬಿಟ್ಟು, ಶುಭ್ರವಾದ ಪಾತ್ರೆಗೆ ಕರೆದು, ನಿಪ್ಪಲ್ ಬಾಟಲಿಯಲ್ಲಿ ಅಳೆದು ಕುಡಿಸುವುದೇ ಸರಿ. ಕರುವಿಗೆ ಚೀಪುವ ಶಕ್ತಿಯೇ ಇಲ್ಲದಿದ್ದರೆ ಗಂಟಲಿಗೆ ಗೊಟ್ಟದಲ್ಲಿ ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಪಶುವೈದ್ಯರು ಅನ್ನನಾಳದ ಕೊಳವೆಯಲ್ಲಿ ಹಾಕುತ್ತಾರೆ.

ಹಳದಿಯಾಗಿ ಗಟ್ಟಿಯಾಗಿದೆ ಎಂದ ಮಾತ್ರಕ್ಕೆ ಗಿಣ್ಣು ಒಳ್ಳೆಯದಲ್ಲ. ವಿಜಯಪುರದ ದ್ರಾಕ್ಷಿ ತೋಟದವರು ಸಿಹಿ ನೋಡಲು ಬಳಸುವ ಬ್ರಿಕ್ಸ್ ಮೀಟರೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಗಾಜಿನ ಮೇಲೆ ಎರಡು ಹನಿ ಹಾಕಿ ಬೆಳಕಿಗೆ ಹಿಡಿಯಿರಿ: 22 ಅಥವಾ ಹೆಚ್ಚು ಬಂದರೆ ಲೀಟರಿಗೆ 50 ಗ್ರಾಮಿನಷ್ಟು ಐಜಿಜಿ ಇದೆ ಎಂದು ಲೆಕ್ಕ. ಮೂರು ಲೀಟರಿಗೆ 150 ಗ್ರಾಂ ಆಯಿತು, ಕರುವಿಗೆ ಕನಿಷ್ಠ ಬೇಕಾದದ್ದೂ ಅಷ್ಟೇ. 18 ಬಂದರೆ ಅದನ್ನು ಎರಡನೇ ಸರದಿಗೆ ಇಟ್ಟು, ಮೊದಲ ಸರದಿಗೆ ಬೇರೆ ಹಸುವಿನ ಒಳ್ಳೆಯ ಗಿಣ್ಣು ಕೊಡಿ.

ಗಿಣ್ಣು ತೆಳುವಾಗುವ ಕಾರಣ ಬಹುಪಾಲು ಈಯುವ ಮುಂಚಿನದು. ರಕ್ತದಿಂದ ಕೆಚ್ಚಲಿಗೆ ಪ್ರತಿಕಾಯ ಇಳಿಯುವುದು ಕಡೆಯ ನಾಲ್ಕೈದು ವಾರಗಳಲ್ಲಿ. ಈಯುವ ಎರಡು ತಿಂಗಳು ಮುಂಚೆ ಕರೆಯುವುದನ್ನು ನಿಲ್ಲಿಸದೆ, ಈಯಲು ಹದಿನೈದು ದಿನವಿರುವ ತನಕ ಕರೆದರೆ ಅದಕ್ಕೆ ಎಡೆಯೇ ಇಲ್ಲ. ಕೆಚ್ಚಲು ಬಿಗಿದಿದೆ ಎಂದು ಈಯುವ ಮೊದಲೇ ಹಿಂಡಿದರೆ ಇದ್ದದ್ದೂ ಹೋಯಿತು. ಈದ ಮೇಲೆ ಕರೆಯುವುದು ತಡವಾದಷ್ಟೂ ಹೊಸ ಹಾಲು ಇಳಿದು ಗಿಣ್ಣು ತೆಳ್ಳಗಾಗುತ್ತದೆ. ಸಂತೆಯಿಂದ ತುಂಬು ಗಬ್ಬದ ಹಸು ತಂದವರು ಇನ್ನೊಂದು ಗಮನಿಸಬೇಕು: ಆ ಹಸುವಿನ ಗಿಣ್ಣಿನಲ್ಲಿರುವುದು ಹಳೆಯ ಕೊಟ್ಟಿಗೆಯ ರೋಗಾಣುಗಳ ವಿರುದ್ಧದ ಪ್ರತಿಕಾಯ. ನಿಮ್ಮ ಕೊಟ್ಟಿಗೆಯ ರೋಗಾಣುಗಳ ಪರಿಚಯ ಅದಕ್ಕೆ ಆಗಿರಬೇಕಾದರೆ ಈಯಲು ಆರೇಳು ವಾರವಿರುವಾಗಲೇ ತರಬೇಕು.

ಮಿಕ್ಕ ಗಿಣ್ಣನ್ನು ಒಂದೊಂದು ಲೀಟರಿನ ಚಪ್ಪಟೆ ಚೀಲದಲ್ಲಿ ಫ್ರೀಜರಿನಲ್ಲಿಟ್ಟರೆ (ಮೈನಸ್ 20 ಡಿಗ್ರಿ) ವರ್ಷದವರೆಗೆ ಕೆಡದು. ಕರಗಿಸುವಾಗ 50 ಡಿಗ್ರಿ ಮೀರದ ನೀರಿನಲ್ಲಿ ಮುಳುಗಿಸಿಡಿ, ಒಲೆಗೆ ಇಡಬಾರದು. ಕಾಯಿಸಿದರೆ ಏನಾಗುತ್ತದೆಂದು ಗಿಣ್ಣು ತಿಂದ ಎಲ್ಲರಿಗೂ ಗೊತ್ತು: ಹೆಪ್ಪುಗಟ್ಟುವುದು ಆ ಪ್ರತಿಕಾಯವೂ ಸೇರಿದ ಪ್ರೋಟೀನೇ. ಬೆಲ್ಲ ಏಲಕ್ಕಿ ಹಾಕಿದ ಗಿಣ್ಣಿನ ಮೇಲೆ ನನಗೇನೂ ಹಗೆತನವಿಲ್ಲ. ಮೊದಲ ಕರಾವಿನಲ್ಲಿ ಕರುವಿನ ಪಾಲು ಅಳೆದಿಟ್ಟ ಮೇಲೆ, ಎರಡನೇ ದಿನ ಮಿಕ್ಕಿದ್ದರಲ್ಲಿ ಧಾರಾಳವಾಗಿ ಮಾಡಿ.

ಕರು ಹುಟ್ಟಿದ ಕೂಡಲೇ ಹೊಕ್ಕುಳ ಬಳ್ಳಿಯನ್ನು ಸಣ್ಣ ಲೋಟದಲ್ಲಿ ಟಿಂಕ್ಚರ್ ಅಯೋಡಿನ್ ಹಾಕಿ ಅದ್ದಬೇಕು. ಹತ್ತಿಯಲ್ಲಿ ಸವರಿದರೆ ಸಾಲದು. ಸಂಜೆ ಇನ್ನೊಮ್ಮೆ. ಹೊಕ್ಕುಳಿನಿಂದ ಸೋಂಕು ಹತ್ತಿದರೆ ಎರಡನೇ ವಾರದಲ್ಲಿ ಮೊಣಕಾಲು ಊದಿ ಕರು ಕುಂಟುತ್ತದೆ.

ಹುಟ್ಟಿದಾಗ ಕರುವಿನ ಹೊಟ್ಟೆಯ ನಾಲ್ಕು ಕೋಣೆಗಳಲ್ಲಿ ದೊಡ್ಡದು ನಾಲ್ಕನೆಯದು, ಹಾಲು ಅರಗುವ ಅಬೊಮೇಸಮ್. ಮೆಲುಕಿನ ಚೀಲವಾದ ರೂಮೆನ್ ಇನ್ನೂ ಮುದುಡಿಕೊಂಡಿರುತ್ತದೆ. ಚೀಪುವಾಗ ಅನ್ನನಾಳದ ತುದಿಯ ಮಡಿಕೆ ಕೊಳವೆಯಂತೆ ಸುತ್ತಿಕೊಂಡು ಹಾಲನ್ನು ನೇರ ನಾಲ್ಕನೇ ಕೋಣೆಗೆ ಕಳಿಸುತ್ತದೆ. ಹಾಲು ತಣ್ಣಗಿದ್ದರೆ, ಹೊತ್ತು ತಪ್ಪಿದರೆ, ನೆಲದ ಬಕೆಟ್ಟಿನಿಂದ ಗಬಗಬನೆ ಕುಡಿದರೆ ಮಡಿಕೆ ಸರಿಯಾಗಿ ಮುಚ್ಚದೆ ಹಾಲು ರೂಮೆನ್‌ಗೆ ಸೋರಿ ಕೊಳೆಯುತ್ತದೆ. ಹೊಟ್ಟೆಯುಬ್ಬರ, ಒರಟು ಕೂದಲು, ಮಣ್ಣುಬಣ್ಣದ ಸಗಣಿ ಅದರ ಗುರುತು. ಆದ್ದರಿಂದ ಹಾಲು 38–39 ಡಿಗ್ರಿ ಇರಲಿ, ದಿನವೂ ಒಂದೇ ಹೊತ್ತಿಗೆ ಇರಲಿ, ನಿಪ್ಪಲ್ ಕರುವಿನ ಭುಜದೆತ್ತರಕ್ಕೆ ಇರಲಿ. ದಿನಕ್ಕೆ ತೂಕದ ಶೇ. 10ರಷ್ಟು ಹಾಲು ಎಂಬುದು ಹಳೆಯ ಲೆಕ್ಕ. ಅದರಲ್ಲಿ ಕರು ಬದುಕುತ್ತದೆ, ಬೆಳೆಯುವುದು ಕಡಿಮೆ. ಕೈಲಾದರೆ ಮೊದಲ ತಿಂಗಳು ಶೇ. 15 ಕೊಡಿ. ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಹಸುವಿನ ಹಾಲನ್ನು, ಡೈರಿಗೆ ಹಾಕುವಂತಿಲ್ಲವಲ್ಲ ಎಂದು ಕರುವಿಗೆ ಹುಯ್ಯುವುದು ಕೆಟ್ಟ ಉಳಿತಾಯ. ಅದರಲ್ಲಿನ ಆಂಟಿಬಯೋಟಿಕ್ ಈಗಷ್ಟೇ ಕರುಳಿನಲ್ಲಿ ನೆಲೆಯೂರುತ್ತಿರುವ ಒಳ್ಳೆಯ ಬ್ಯಾಕ್ಟೀರಿಯವನ್ನು ಕೆಡಿಸಿ, ಔಷಧಿಗೆ ಬಗ್ಗದವನ್ನು ಬೆಳೆಸುತ್ತದೆ.

ಭೇದಿ ಶುರುವಾದಾಗ ಮೊದಲು ವಯಸ್ಸು ನೋಡಿ. ಮೊದಲ ನಾಲ್ಕು ದಿನದೊಳಗೆ ನೀರಿನಂತೆ ಹೋದರೆ ಹೆಚ್ಚಾಗಿ ಇ. ಕೋಲಿ. ಐದರಿಂದ ಹದಿನಾಲ್ಕನೇ ದಿನದವರೆಗೆ ರೋಟಾ, ಕೊರೊನಾ ವೈರಸ್ಸು ಮತ್ತು ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಜೀವಿ; ಇವಕ್ಕೆ ಸಾಮಾನ್ಯ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಮೂರು ವಾರ ದಾಟಿದ ಮೇಲೆ ರಕ್ತ, ಲೋಳೆ ಕಂಡು ಕರು ತಿಣುಕುತ್ತಿದ್ದರೆ ಕಾಕ್ಸಿಡಿಯ ಎಂಬ ಕರುಳಿನ ಪರಜೀವಿ. ಎಮ್ಮೆ ಕರುವಾದರೆ ಲೆಕ್ಕವೇ ಬೇರೆ: ದೊಡ್ಡ ದುಂಡುಹುಳುವಿನ ಮರಿ ತಾಯಿಯ ಹಾಲಿನಲ್ಲೇ ಬರುತ್ತದೆ. 10ರಿಂದ 16ನೇ ದಿನದ ನಡುವೆ ವೈದ್ಯರು ಹೇಳಿದ ಜಂತುನಾಶಕ ಬಿದ್ದರೆ ಹುಳು ಮೊಟ್ಟೆಯಿಡುವ ಮೊದಲೇ ಸಾಯುತ್ತದೆ.

ಯಾವುದೇ ಭೇದಿಯಾದರೂ ಕರುವನ್ನು ಕೊಲ್ಲುವುದು ನೀರು, ಸೋಡಿಯಂ ಕಳೆದುಕೊಂಡು ರಕ್ತ ಆಮ್ಲೀಯವಾಗುವುದು. ಕತ್ತಿನ ಚರ್ಮ ಚಿವುಟಿ ಬಿಡಿ. ಎರಡು ಸೆಕೆಂಡಿನಲ್ಲಿ ಮಟ್ಟಸವಾಗದಿದ್ದರೆ ನೀರು ಕಡಿಮೆಯಾಗಿದೆ. ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣ ಒಂದಕ್ಕೆ ಒಂದು ಲೀಟರ್ ಉಗುರುಬೆಚ್ಚಗಿನ ನೀರು, ಅರ್ಧ ಟೀ ಚಮಚ ಅಡುಗೆ ಸೋಡಾ. 30 ಕೆ.ಜಿ. ಕರು ತೂಕದ ಶೇ. 6ರಷ್ಟು ನೀರು ಕಳೆದುಕೊಂಡಿದ್ದರೆ ತುಂಬಬೇಕಾದದ್ದೇ 1.8 ಲೀಟರ್, ಹೋಗುತ್ತಲೇ ಇರುವುದು ಬೇರೆ. ಹಾಗಾಗಿ ಒಂದೊಂದು ಲೀಟರಿನಂತೆ ದಿನಕ್ಕೆ ಮೂರು ಸಲ. ಹಾಲು ನಿಲ್ಲಿಸಬೇಡಿ, ನಿಲ್ಲಿಸಿದರೆ ಕರು ಉಪವಾಸದಿಂದ ಸೊರಗುತ್ತದೆ. ಆದರೆ ಸೋಡಾ ಹೊಟ್ಟೆಯಲ್ಲಿ ಹಾಲನ್ನು ಹೆಪ್ಪುಗಟ್ಟಿ ಅರಗಲು ಬಿಡದ ಕಾರಣ ಎರಡರ ನಡುವೆ ಎರಡು ಗಂಟೆ ಅಂತರವಿರಲಿ. ಕಣ್ಣು ಗುಳಿಬಿದ್ದು, ಬಾಯಿಗಿಟ್ಟ ಬೆರಳನ್ನು ಚೀಪದೆ, ಬಾಯೊಳಗೆ ತಣ್ಣಗಿದ್ದರೆ ಬಾಟಲಿಯ ಕಾಲ ಮುಗಿದಿದೆ. ರಕ್ತನಾಳಕ್ಕೆ ಡ್ರಿಪ್ ಆಗಬೇಕು.

ನಾಲ್ಕನೇ ದಿನದಿಂದ ಕುಡಿಯುವ ನೀರು, ಮೊದಲ ವಾರದ ಕೊನೆಯಿಂದ ಒಂದು ಹಿಡಿ ಕರು ಆಹಾರ ಎದುರಿಗಿರಲಿ. ಹಾಲಿನಲ್ಲೇ ನೀರಿದೆಯಲ್ಲ ಎನ್ನಬೇಡಿ. ಅದು ರೂಮೆನ್ನನ್ನು ದಾಟಿ ಹೋಗುತ್ತದೆ, ಅಲ್ಲಿ ಹುದುಗು ಶುರುವಾಗಲು ಬೇರೆಯಾಗಿ ಕುಡಿದ ನೀರೇ ಬೇಕು. ಕಾಳು ಹುದುಗಿದಾಗ ಹುಟ್ಟುವ ಬ್ಯುಟಿರಿಕ್ ಮತ್ತು ಪ್ರೊಪಿಯೋನಿಕ್ ಆಮ್ಲಗಳು ರೂಮೆನ್ನಿನ ಒಳಗೋಡೆಯ ಎಸಳುಗಳನ್ನು ಬೆಳೆಸುತ್ತವೆ. ಹುಲ್ಲು ಚೀಲವನ್ನು ಹಿಗ್ಗಿಸುತ್ತದೆ, ಎಸಳನ್ನು ಬೆಳೆಸುವುದು ಕಡಿಮೆ. ಬರೀ ರಾಗಿ ಹುಲ್ಲು ತಿಂದ ಎರಡು ತಿಂಗಳ ಕರುವಿಗೆ ಡೊಳ್ಳು ಹೊಟ್ಟೆ, ಬಡಕಲು ಬೆನ್ನು ಬರುವುದು ಇದಕ್ಕೇ. ಮನೆಯಲ್ಲೇ ಬೆರೆಸುವುದಾದರೆ 100 ಕೆ.ಜಿ.ಗೆ ಮುಸುಕಿನ ಜೋಳದ ನುಚ್ಚು 52, ಸೋಯಾ ಹಿಂಡಿ 30, ಗೋಧಿ ಬೂಸ 15, ಖನಿಜ ಮಿಶ್ರಣ 2, ಉಪ್ಪು 1. ಪ್ರೋಟೀನು ಸುಮಾರು ಶೇ. 20 ಬರುತ್ತದೆ. ಜೋಳ ತರಿಯಾಗಿರಲಿ, ಹಿಟ್ಟಾದರೆ ಮೂಗಿಗಂಟಿ ಕರು ಬಿಡುತ್ತದೆ. ಕಡಲೆಕಾಯಿ ಹಿಂಡಿ ಹಾಕಬಹುದು, ಆದರೆ ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ಅದರ ವಿಷವಾದ ಅಫ್ಲಾಟಾಕ್ಸಿನ್ ಯಕೃತ್ತನ್ನೂ ರೋಗನಿರೋಧಕ ಶಕ್ತಿಯನ್ನೂ ಒಟ್ಟಿಗೆ ಹೊಡೆಯುತ್ತದೆ. ದೊಡ್ಡ ಹಸುಗಳ ಸಿದ್ಧ ಆಹಾರದಲ್ಲಿ ಯೂರಿಯ ಇರಬಹುದು, ಕರುವಿಗೆ ಅದು ಬೇಡ.

ಹಾಲು ಬಿಡಿಸುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡಬೇಡಿ. ಸತತ ಮೂರು ದಿನ ದಿನಕ್ಕೊಂದು ಕೆ.ಜಿ. ಕರು ಆಹಾರ ತಿಂದರೆ, ಹತ್ತು ದಿನದಲ್ಲಿ ನಿಧಾನವಾಗಿ ಹಾಲು ಇಳಿಸಿ. ಗಿಣ್ಣಿನಿಂದ ಬಂದ ಪ್ರತಿಕಾಯ ಸುಮಾರು ಮೂರು ವಾರಕ್ಕೊಮ್ಮೆ ಅರ್ಧಕ್ಕಿಳಿಯುತ್ತ ಬರುತ್ತದೆ, ಕರುವಿನ ಸ್ವಂತದ್ದು ಇನ್ನೂ ಏರುತ್ತಿರುತ್ತದೆ. ಈ ಹೊತ್ತಿನಲ್ಲೇ ಹಾಲು ಬಿಡಿಸುವುದು, ಕೊಂಬು ಸುಡುವುದು, ಜಾಗ ಬದಲಿಸುವುದು ಮೂರನ್ನೂ ಒಂದೇ ವಾರಕ್ಕೆ ತಂದರೆ ಕೆಮ್ಮು, ಕಾಕ್ಸಿಡಿಯ ಎರಡೂ ಬರುತ್ತವೆ. ಒಂದೊಂದಕ್ಕೂ ಎರಡು ವಾರ ಬಿಡಿ. ಕಾಲುಬಾಯಿ ಜ್ವರದ ಮೊದಲ ಲಸಿಕೆ ನಾಲ್ಕು ತಿಂಗಳಿಗೆ, ಬಲವರ್ಧಕ ಅದಾದ ತಿಂಗಳಿಗೆ. ತೀರಾ ಮುಂಚೆ ಹಾಕಿದರೆ ತಾಯಿಯ ಪ್ರತಿಕಾಯವೇ ಲಸಿಕೆಯನ್ನು ಅಡಗಿಸುತ್ತದೆ. ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ, ಗಬ್ಬ ಹಾಕಿಸುವ ರೋಗವಾದ ಬ್ರುಸೆಲ್ಲಾದ ಲಸಿಕೆ ಒಮ್ಮೆ. ಎರಡೂ 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಉಚಿತ. ಬ್ರುಸೆಲ್ಲಾದ್ದು ಜೀವಂತ ಲಸಿಕೆ, ಚುಚ್ಚುವವರಿಗೂ ಕರು ಹಿಡಿಯುವವರಿಗೂ ಅಪಾಯ. ವೈದ್ಯರೇ ಕೈಗವಸು ಹಾಕಿಕೊಂಡು ಹಾಕಬೇಕು. ಗಂಡು ಕರುವಿಗೂ ಗಬ್ಬದ ಹಸುವಿಗೂ ಅದನ್ನು ಹಾಕುವುದಿಲ್ಲ.